ಇಲಿಯಡ್‌ನಲ್ಲಿ ಮರದ ಕುದುರೆ ಯಾಕಿಲ್ಲ? ಟ್ರಾಯ್ ಯುದ್ಧದ ಉಳಿದ ಕಥೆ ಎಲ್ಲಿ ಹೋಯಿತು?

ಹಳೇಪುಸ್ತಕ

ಗ್ರೀಕ್ ಕವಿ ಹೋಮರನ ಇಲಿಯಡ್ ಪೂರ್ತಿ ಓದಿ ಮುಗಿಸಿದೆ. 24 ಅಧ್ಯಾಯ, ಮೂಲ ಗ್ರೀಕ್‌ನಲ್ಲಿ 15,693 ಸಾಲು. ಓದಿದ ಮೇಲೆ ಒಂದು ಪ್ರಶ್ನೆ ಕಾಡುತ್ತಿದೆ, ಇಲ್ಲಿ ತಿಳಿದವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ಟ್ರಾಯ್ ಯುದ್ಧ ಅಂದ ಕೂಡಲೇ ಯಾರಿಗಾದರೂ ನೆನಪಾಗುವುದು ಚಿನ್ನದ ಸೇಬಿಗೆ ಮೂವರು ದೇವತೆಯರ ಜಗಳ, ಅಕಿಲೀಸನ ಹಿಮ್ಮಡಿ, ಆಮೇಲೆ ಮರದ ಕುದುರೆ. ಇವುಗಳಲ್ಲಿ ಒಂದೂ ಇಲಿಯಡ್‌ನಲ್ಲಿ ನಡೆಯುವುದಿಲ್ಲ! ಹತ್ತು ವರ್ಷದ ಯುದ್ಧದಲ್ಲಿ ಸುಮಾರು 50 ದಿನದ ಕಥೆ ಅಷ್ಟೇ ಇದೆ. ಒಂಬತ್ತು ವರ್ಷ ಕಳೆದ ಮೇಲೆ ಶುರುವಾಗುತ್ತದೆ. ಗ್ರೀಕರ ಸೇನಾನಾಯಕ ಅಗಮೆಮ್ನಾನ್ ತನ್ನ ಪಾಲಿಗೆ ಬಂದಿದ್ದ ಸೆರೆಯಾಳು ಹುಡುಗಿಯನ್ನು ಬಿಟ್ಟುಕೊಡಬೇಕಾಗಿ ಬಂದು, ಅದಕ್ಕೆ ಬದಲಾಗಿ ಗ್ರೀಕರ ಮಹಾವೀರ ಅಕಿಲೀಸನ ಬಳಿ ಇದ್ದ ಬ್ರಿಸೀಸ್ ಎಂಬ ಸೆರೆಯಾಳನ್ನು ಕಿತ್ತುಕೊಳ್ಳುತ್ತಾನೆ, ಅಕಿಲೀಸ್ ಸಿಟ್ಟಾಗಿ ಯುದ್ಧದಿಂದ ಹೊರಗೆ ಕೂರುತ್ತಾನೆ. ಮುಗಿಯುವುದು ಅಕಿಲೀಸ್ ಕೊಂದ ಟ್ರಾಯ್‌ನ ರಾಜಕುಮಾರ ಹೆಕ್ಟರನ ಶವಸಂಸ್ಕಾರದಲ್ಲಿ. ಆಗಲೂ ಅಕಿಲೀಸ್ ಬದುಕಿದ್ದಾನೆ, ಕೋಟೆ ನಿಂತೇ ಇದೆ, ಹೆಲೆನ್ ಇನ್ನೂ ಟ್ರಾಯ್‌ನಲ್ಲೇ ಇದ್ದಾಳೆ.

ಹಾಗಾದರೆ ಉಳಿದದ್ದನ್ನೆಲ್ಲ ಯಾರು ಹೇಳಿದರು? ಹೋಮರ್ ಯಾಕೆ ಹೇಳಲಿಲ್ಲ?

ಕಡಲಕಾಗೆ

ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ.

ಹೋಮರನ ಹೆಸರಿನ ಎರಡು ಕಾವ್ಯಗಳಾದ ಇಲಿಯಡ್, ಒಡಿಸ್ಸಿಗಳ ಸುತ್ತ ಇನ್ನೂ ಆರು ಕಾವ್ಯಗಳಿದ್ದವು. ಸಿಪ್ರಿಯಾ ಎಂಬುದರಲ್ಲಿ 11 ಪುಸ್ತಕ. ದೇವತೆಯರ ಜಗಳ, ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಅಗಮೆಮ್ನಾನನ ತಮ್ಮ ಮೆನೆಲಾಸನ ಹೆಂಡತಿ ಹೆಲೆನಳನ್ನು ಕರೆದುಕೊಂಡು ಹೋದದ್ದು, ಗಾಳಿ ಬೀಸಲಿ ಅಂತ ಅಗಮೆಮ್ನಾನ್ ಮಗಳು ಇಫಿಜಿನಿಯಾಳನ್ನು ಬಲಿಗೆ ತಂದದ್ದು, ಯುದ್ಧದ ಮೊದಲ ವರ್ಷಗಳು, ಎಲ್ಲ ಅಲ್ಲಿತ್ತು. ಇಲಿಯಡ್ ನಿಂತ ಕಡೆಯಿಂದ ಇಥಿಯೋಪಿಸ್ ಶುರು, 5 ಪುಸ್ತಕ. ಅಮೆಜಾನ್ ರಾಣಿ ಪೆಂಥೆಸಿಲಿಯಾ ಬರುತ್ತಾಳೆ, ಇಥಿಯೋಪಿಯಾದ ರಾಜ ಮೆಮ್ನಾನ್ ಬರುತ್ತಾನೆ, ಇಬ್ಬರೂ ಅಕಿಲೀಸನ ಕೈಯಲ್ಲಿ ಸಾಯುತ್ತಾರೆ, ಕೊನೆಗೆ ಅಕಿಲೀಸನೂ ಸಾಯುತ್ತಾನೆ. ಆಮೇಲೆ ಕಿರಿಯ ಇಲಿಯಡ್ (4 ಪುಸ್ತಕ), ಟ್ರಾಯ್ ಪತನ (2), ವೀರರು ಊರಿಗೆ ಮರಳಿದ ಕಥೆ (5), ಒಡಿಸ್ಸಿಯ ನಾಯಕ ಒಡಿಸ್ಯೂಸನ ಕೊನೆಗಾಲದ ಟೆಲಿಗೊನಿ (2). ಕುದುರೆ ಕಟ್ಟುವುದು ಕಿರಿಯ ಇಲಿಯಡ್‌ನಲ್ಲಿ, ಊರು ಸುಡುವುದು ಪತನದಲ್ಲಿ.

ಇವು ಒಂದೂ ಉಳಿದಿಲ್ಲ. ಬೇರೆಯವರು ಅಲ್ಲಲ್ಲಿ ಎತ್ತಿ ಬರೆದ ಚೂರುಪಾರು ಸಾಲುಗಳಿವೆ. ಜೊತೆಗೆ ಪ್ರೊಕ್ಲಸ್ ಎಂಬವನು ಗದ್ಯದಲ್ಲಿ ಬರೆದ ಸಾರಾಂಶ ಇದೆ. ಆ ಸಾರಾಂಶದ ಬಹುಭಾಗ ನಮಗೆ ಸಿಕ್ಕಿದ್ದು ಹೇಗೆ ಗೊತ್ತಾ? 10ನೇ ಶತಮಾನದ ಇಲಿಯಡ್ ಹಸ್ತಪ್ರತಿಯೊಂದು ವೆನಿಸ್‌ನ ಮಾರ್ಸಿಯಾನ ಗ್ರಂಥಾಲಯದಲ್ಲಿದೆ, ವೆನೆಟಸ್ ಎ ಅಂತ ಕರೆಯುತ್ತಾರೆ. ಅದರ ಮೊದಲ ಹಾಳೆಗಳಲ್ಲಿ ಯಾರೋ ಅದನ್ನು ನಕಲು ಮಾಡಿಟ್ಟಿದ್ದರು. ಆ ಮನುಷ್ಯ ಆ ಹಾಳೆಗಳಲ್ಲಿ ಬೇರೆ ಏನಾದರೂ ಬರೆದಿದ್ದರೆ ಈ ಕಥೆಗಳ ಕ್ರಮವೇ ನಮಗೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ನೀಲಿಶಾಯಿ

ಹಿಮ್ಮಡಿ ಕಥೆ ಬಗ್ಗೆ ನಾನು ಹೇಳುತ್ತೇನೆ. ತಾಯಿ ಥೆಟಿಸ್ ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ಹಿಡಿದ ಹಿಮ್ಮಡಿ ಮಾತ್ರ ಒದ್ದೆಯಾಗಲಿಲ್ಲ ಅನ್ನುವ ಕಥೆ ಈಗ ಉಳಿದಿರುವ ಬರಹಗಳಲ್ಲಿ ಮೊದಲು ಕಾಣುವುದು ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಅದು ಕ್ರಿ.ಶ. 1ನೇ ಶತಮಾನ. ಹೋಮರನಿಂದ ಸುಮಾರು 800 ವರ್ಷ ಈಚೆಗೆ!

ಇಲಿಯಡ್‌ನ ಅಕಿಲೀಸನಿಗೆ ಗಾಯ ಆಗುತ್ತದೆ. 21ನೇ ಅಧ್ಯಾಯ ತೆಗೆದು ನೋಡಿ. ಆಸ್ಟರೋಪಿಯಸ್ ಎರಡೂ ಕೈಯಿಂದ ಒಟ್ಟಿಗೆ ಈಟಿ ಎಸೆಯಬಲ್ಲವನು. ಅವನ ಒಂದು ಈಟಿ ಅಕಿಲೀಸನ ಬಲಗೈಗೆ ತಾಗಿ ರಕ್ತ ಚಿಮ್ಮುತ್ತದೆ. ಅಂದರೆ ಹೋಮರನ ಅಕಿಲೀಸ್ ಎಲ್ಲರ ಹಾಗೆ ಸಾಯುವ ಮನುಷ್ಯ. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಮೈಯೆಲ್ಲ ವಜ್ರದಂತೆ ಇರುವವನು ಯುದ್ಧಕ್ಕೆ ಇಳಿದರೆ ಅದರಲ್ಲಿ ದೊಡ್ಡದೇನಿದೆ? ಇವನಿಗೆ ತಾಯಿ ಮೊದಲೇ ಹೇಳಿದ್ದಾಳೆ, ಹೆಕ್ಟರ್ ಸತ್ತರೆ ಹಿಂದೆಯೇ ನಿನ್ನ ಸಾವು ಅಂತ. ಗೊತ್ತಿದ್ದೂ ಹೊರಡುತ್ತಾನೆ.

ಹಳೇಪುಸ್ತಕ

ಕಡಲಕಾಗೆ, ನೀಲಿಶಾಯಿ, ಇಬ್ಬರಿಗೂ ಧನ್ಯವಾದ. ಆದರೆ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಇಷ್ಟು ದೊಡ್ಡ ಕಥೆ ಕೈಯಲ್ಲಿದ್ದೂ ಕವಿ ಇಷ್ಟೇ ತುಂಡು ಯಾಕೆ ಆರಿಸಿಕೊಂಡ? ಕುದುರೆ ಪ್ರಸಂಗ ಅವನಿಗೆ ಗೊತ್ತಿರಲಿಲ್ಲ ಅಂತಲಾ?

ಕಡಲಕಾಗೆ

ಚೆನ್ನಾಗಿ ಗೊತ್ತಿತ್ತು. ಒಡಿಸ್ಸಿಯಲ್ಲಿ ಕುದುರೆ ಬರುತ್ತದೆ. 4ನೇ ಅಧ್ಯಾಯದಲ್ಲಿ ಮೆನೆಲಾಸ್ ನೆನಪು ಮಾಡಿಕೊಳ್ಳುತ್ತಾನೆ. ಹೆಲೆನ್ ಆ ಕುದುರೆಯ ಸುತ್ತ ಮೂರು ಸಲ ಸುತ್ತಿ, ಒಳಗಿದ್ದ ವೀರರನ್ನು ಅವರವರ ಹೆಂಡತಿಯರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ. ಹತ್ತು ವರ್ಷ ಮನೆ ಬಿಟ್ಟವರು ಅವರು. ಆಂಟಿಕ್ಲಸ್ ಎಂಬವನು ಇನ್ನೇನು ಓಗೊಡಬೇಕು, ಒಡಿಸ್ಯೂಸ್ ಅವನ ಬಾಯಿ ಒತ್ತಿ ಹಿಡಿಯುತ್ತಾನೆ. ಎಂಥ ಕಲ್ಪನೆ ನೋಡಿ.

8ನೇ ಅಧ್ಯಾಯದಲ್ಲಿ ಕುರುಡ ಹಾಡುಗಾರ ಡೆಮೊಡೊಕಸ್ ಅದೇ ಕುದುರೆ ಕಥೆ ಹಾಡುತ್ತಾನೆ. ಹಾಡಲು ಕೇಳಿದವನು ಒಡಿಸ್ಯೂಸನೇ. ತನ್ನ ಗೆಲುವಿನ ಹಾಡು ಕೇಳುತ್ತಾ ಅವನು ಅಳುತ್ತಾನೆ. ಹೇಗೆ ಅಳುತ್ತಾನೆ ಅಂತ ಕವಿ ಹೇಳುತ್ತಾನೆ: ಊರನ್ನು ಕಾಯುತ್ತಾ ಬಿದ್ದ ಗಂಡನ ಮೇಲೆ ಹೆಂಗಸೊಬ್ಬಳು ಬಿದ್ದು ಗೋಳಾಡುವಾಗ ಹಿಂದಿನಿಂದ ಶತ್ರುಗಳು ಈಟಿಯಿಂದ ಬೆನ್ನಿಗೆ ಹೊಡೆದು ದಾಸ್ಯಕ್ಕೆ ಎಳೆದೊಯ್ಯುತ್ತಾರಲ್ಲ, ಹಾಗೆ. ಅಂದರೆ ಊರು ಸುಟ್ಟವನ ಕಣ್ಣೀರನ್ನು ಹೇಳಲು ಸುಟ್ಟ ಊರಿನ ಹೆಂಗಸಿನ ಕಣ್ಣೀರೇ ಬೇಕಾಯಿತು. ನನಗೆ ಇಡೀ ಗ್ರೀಕ್ ಕಾವ್ಯದಲ್ಲಿ ಇದಕ್ಕಿಂತ ದೊಡ್ಡ ಸಾಲು ಇಲ್ಲ.

ಯಾಕೆ ಒಂದು ತುಂಡು ಮಾತ್ರ ಅಂದಿರಿ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಇದನ್ನೇ ಹೊಗಳುತ್ತಾನೆ. ಯುದ್ಧಕ್ಕೆ ಮೊದಲೂ ಕೊನೆಯೂ ಇದ್ದರೂ ಹೋಮರ್ ಪೂರ್ತಿ ಹೇಳಲು ಹೋಗದೆ ಒಂದು ಭಾಗ ಹಿಡಿದ ಅನ್ನುತ್ತಾನೆ. ಇಲಿಯಡ್‌ನಿಂದ ಒಂದೋ ಎರಡೋ ದುರಂತ ನಾಟಕ ಮಾಡಬಹುದು, ಕಿರಿಯ ಇಲಿಯಡ್‌ನಿಂದ ಎಂಟಕ್ಕೂ ಜಾಸ್ತಿ ಮಾಡಬಹುದು ಅಂತಲೂ ಹೇಳುತ್ತಾನೆ. ಅಂದರೆ ಆ ಕಾವ್ಯಗಳಲ್ಲಿ ಘಟನೆ ಜಾಸ್ತಿ, ಒಂದೇ ಬೇರಿನಿಂದ ಬೆಳೆದದ್ದು ಕಡಿಮೆ. ನಮ್ಮಲ್ಲಿ ರನ್ನ ಇಡೀ ಭಾರತವನ್ನು ಬಿಟ್ಟು ಗದಾಯುದ್ಧ ಒಂದನ್ನೇ ಹಿಡಿದು ಉಳಿದದ್ದನ್ನು ಹಿಂತಿರುಗಿ ನೋಡುತ್ತಾನಲ್ಲ, ಆ ಧೈರ್ಯ ಇದು. ಕೇಳುವವರಿಗೆ ಕಥೆ ಮೊದಲೇ ಗೊತ್ತು ಅನ್ನುವ ನಂಬಿಕೆ ಇದ್ದರೆ ಮಾತ್ರ ಹೀಗೆ ಮಾಡಲು ಸಾಧ್ಯ.

ಇನ್ನೊಂದು. ಕುದುರೆ ಕಟ್ಟಿದ ಎಪಿಯಸ್ ಇಲಿಯಡ್‌ನಲ್ಲೂ ಬರುತ್ತಾನೆ. 23ನೇ ಅಧ್ಯಾಯದ ಆಟೋಟದಲ್ಲಿ ಮುಷ್ಟಿಯುದ್ಧ ಗೆದ್ದು ಹೇಸರಗತ್ತೆ ಪಡೆಯುತ್ತಾನೆ. ಕುದುರೆಯ ಸುದ್ದಿ ಇಲ್ಲ.

ನೇಗಿಲಯೋಗಿ77

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಲಿಯಡ್ ಅನ್ನು ಇಷ್ಟು ಮೇಲಕ್ಕೆ ಏರಿಸುವುದು ನನಗೆ ಒಪ್ಪಿಗೆ ಇಲ್ಲ. ಅಕಿಲೀಸ್ ಏನು ಮಾಡುತ್ತಾನೆ? ತನ್ನ ಮಾನಕ್ಕೆ ಪೆಟ್ಟು ಬಿತ್ತು ಅಂತ ತನ್ನವರೇ ಸಾಯಲಿ ಎಂದು ಹಾರೈಸುತ್ತಾನೆ. ಗೆಳೆಯ ಪೆಟ್ರೊಕ್ಲಸ್ ಸತ್ತ ಮೇಲೆ ಹನ್ನೆರಡು ಟ್ರೋಜನ್ ಹುಡುಗರನ್ನು ಹಿಡಿದು ತಂದು ಚಿತೆಯ ಬಳಿ ಕೊಲ್ಲುತ್ತಾನೆ. ಹೆಕ್ಟರನ ಹೆಣವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ.

ಆಮೇಲೆ 2ನೇ ಅಧ್ಯಾಯದ ಥರ್ಸಿಟೀಸ್. ಸಾಮಾನ್ಯರ ದನಿ ಅಂತ ಅಲ್ಲಿ ಕೇಳಿಸುವುದು ಅವನೊಬ್ಬನದೇ. ರಾಜನಿಗೆ ಕೊಳ್ಳೆ ಸಾಲದೇ, ನಾವು ಮನೆಗೆ ಹೋಗೋಣ ಅನ್ನುತ್ತಾನೆ. ಒಡಿಸ್ಯೂಸ್ ಕೋಲಿನಿಂದ ಬಾರಿಸುತ್ತಾನೆ, ಸೈನ್ಯ ನಗುತ್ತದೆ. ಕವಿ ಅವನನ್ನು ಬಂದವರಲ್ಲೆಲ್ಲ ಕುರೂಪಿ ಅಂತ ಬೇರೆ ಹೇಳುತ್ತಾನೆ. ಇದು ದೊರೆಗಳ ಮನೆಯಲ್ಲಿ ದೊರೆಗಳಿಗಾಗಿ ಹಾಡಿದ ಕಾವ್ಯ. ಯುದ್ಧದ ವೈಭವ ಅಷ್ಟೇ.

ಕಡಲಕಾಗೆ

ಥರ್ಸಿಟೀಸ್ ವಿಷಯದಲ್ಲಿ ನಿಮ್ಮ ಮಾತಿಗೆ ಬಲ ಇದೆ. ಆದರೆ ಅವನು ಹೇಳಿದ್ದನ್ನೇ 9ನೇ ಅಧ್ಯಾಯದಲ್ಲಿ ಅಕಿಲೀಸ್ ಇನ್ನೂ ಜೋರಾಗಿ ಹೇಳುತ್ತಾನೆ, ಅದನ್ನು ಮರೆಯಬಾರದು. ಗ್ರೀಕರು ಟ್ರೋಜನರ ಜೊತೆ ಯಾಕೆ ಹೊಡೆದಾಡಬೇಕು, ಅಗಮೆಮ್ನಾನ್, ಮೆನೆಲಾಸ್ ಈ ಅಣ್ಣತಮ್ಮಂದಿರು ಮಾತ್ರವೇ ಹೆಂಡತಿಯರನ್ನು ಪ್ರೀತಿಸುವವರಾ ಅಂತ ಕೇಳುತ್ತಾನೆ. ದನಕರು ದೋಚಿ ತರಬಹುದು, ಹಲ್ಲಿನ ಬೇಲಿ ದಾಟಿ ಹೋದ ಪ್ರಾಣ ಮರಳಿ ಬರದು ಅನ್ನುತ್ತಾನೆ. ಗ್ರೀಕರ ಅತಿ ದೊಡ್ಡ ವೀರನ ಬಾಯಲ್ಲೇ ಯುದ್ಧಕ್ಕೆ ಅರ್ಥ ಇಲ್ಲ ಅನ್ನಿಸಿದ ಕಾವ್ಯ ಇದು.

ವೈಭವ ಅನ್ನುವ ಮಾತಿಗೆ ನನ್ನ ಉತ್ತರ ಸಾಯುವವರ ಹೆಸರುಗಳು. ಇಲಿಯಡ್‌ನಲ್ಲಿ 200ಕ್ಕೂ ಜಾಸ್ತಿ ಜನ ಹೆಸರು ಹಿಡಿದು ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು ಟ್ರಾಯ್ ಕಡೆಯವರು, ಅಂದರೆ ಗ್ರೀಕ್ ಕೇಳುಗರಿಗೆ ಶತ್ರುಗಳು. 4ನೇ ಅಧ್ಯಾಯದಲ್ಲಿ ಸಿಮೊಯಿಸಿಯಸ್ ಎಂಬ ಹುಡುಗ. ಅವನ ತಾಯಿ ಅಪ್ಪ ಅಮ್ಮನ ಜೊತೆ ಕುರಿಮಂದೆ ನೋಡಲು ಹೋಗಿ ಇಡಾ ಬೆಟ್ಟದಿಂದ ಇಳಿದು ಬರುವಾಗ ಸಿಮೊಯಿಸ್ ಹೊಳೆಯ ದಡದಲ್ಲಿ ಹೆತ್ತಳು, ಅದಕ್ಕೇ ಆ ಹೆಸರು. ಸಾಕಿದ ಋಣ ತೀರಿಸುವ ಮೊದಲೇ ಹೋದ ಅಂತ ಕವಿ ಹೇಳುತ್ತಾನೆ. ಹುಡುಗ ಬರುವುದೂ ಸಾಯುವುದೂ ಬೆರಳೆಣಿಕೆಯ ಸಾಲುಗಳಲ್ಲಿ. ಆದರೂ ಅವನ ತಾಯಿ ಬೆಟ್ಟ ಇಳಿದದ್ದು ನಮಗೆ ಗೊತ್ತು.

6ರಲ್ಲಿ ಆಕ್ಸಿಲಸ್. ದಾರಿ ಪಕ್ಕದಲ್ಲಿ ಮನೆ. ಹೋಗಿಬರುವ ಎಲ್ಲರಿಗೂ ಊಟ ಹಾಕುತ್ತಿದ್ದವನು. ಅವನ ಅನ್ನ ಉಂಡವರಲ್ಲಿ ಒಬ್ಬರೂ ಆ ದಿನ ಎದುರು ನಿಂತು ಕಾಪಾಡಲಿಲ್ಲ ಅಂತ ಬರುತ್ತದೆ. ವೈಭವ ಬೇಕಿದ್ದ ಕವಿಗೆ ಈ ಮಾತು ಬೇಕೇ ಇರಲಿಲ್ಲ, ಅಲ್ವಾ?

ನೇಗಿಲಯೋಗಿ77

ಆಕ್ಸಿಲಸ್ ಭಾಗ ನನಗೂ ನೆನಪಿದೆ, ಒಪ್ಪುತ್ತೇನೆ. ಆದರೆ ಬ್ರಿಸೀಸ್? ಗಂಡ, ಮೂವರು ಅಣ್ಣತಮ್ಮಂದಿರು ಸತ್ತು, ಕೊಂದವನ ಬಿಡಾರದಲ್ಲಿ ಇರುವವಳು. ಅವಳಿಗೆ ಮಾತು ಸಿಗುವುದು ಒಂದೇ ಸಲ, 19ನೇ ಅಧ್ಯಾಯದಲ್ಲಿ, ಅದೂ ಪೆಟ್ರೊಕ್ಲಸ್‌ನ ಹೆಣದ ಮುಂದೆ ಅಳುವಾಗ.

ನೀಲಿಶಾಯಿ

ಆ ಅಳುವಿನ ಕೊನೆಗೆ ಕವಿ ಏನು ಸೇರಿಸುತ್ತಾನೆ ನೋಡಿ. ಸುತ್ತ ನಿಂತ ಹೆಂಗಸರೂ ಅತ್ತರು, ಹೆಸರಿಗೆ ಪೆಟ್ರೊಕ್ಲಸ್‌ಗಾಗಿ, ನಿಜಕ್ಕೆ ಒಬ್ಬೊಬ್ಬರೂ ತಮ್ಮ ತಮ್ಮ ದುಃಖಕ್ಕೆ. ಒಂದೇ ಸಾಲು. ಆ ಸೆರೆಯಾಳು ಹೆಂಗಸರ ಬಗ್ಗೆ ಅಷ್ಟೂ ಹೇಳಿಬಿಟ್ಟ.

ಬ್ರಿಸೀಸ್‌ಗೆ ಇನ್ನೂ ಮಾತು ಸಿಗಬೇಕಿತ್ತು ಅನ್ನುವುದು ನನ್ನ ಆಸೆಯೂ ಹೌದು. ಆ ಕೆಲಸವನ್ನು ಆಮೇಲೆ ಅಥೆನ್ಸ್‌ನ ನಾಟಕಕಾರ ಯೂರಿಪಿಡೀಸ್ ಮಾಡಿದ. ಟ್ರಾಯ್‌ನ ಹೆಂಗಸರ ಮೇಲೆ ಅವನ ನಾಟಕ ರಂಗಕ್ಕೆ ಬಂದದ್ದು ಕ್ರಿ.ಪೂ. 415ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಅಥೆನ್ಸ್‌ನವರು ಮೆಲೋಸ್ ದ್ವೀಪದ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಮಾರಿದ್ದರು. ಅದೇ ಅಥೆನ್ಸ್‌ನ ಜನರ ಎದುರು ಹೆಕ್ಟರನ ಕೂಸನ್ನು ಗ್ರೀಕರು ಕೋಟೆಗೋಡೆಯಿಂದ ಎಸೆದ ಕಥೆ ಆಡಿಸಿದ. ಆ ವರ್ಷದ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂತು.

ಬಯಲುಸೀಮೆ_ಓದುಗ

ಸಿಪ್ರಿಯಾ ಬಗ್ಗೆ ಯಾರೂ ಮುಖ್ಯ ಸಂಗತಿ ಹೇಳಲಿಲ್ಲ. ಅದರ ಒಂದು ಚೂರು ಉಳಿದಿದೆ, ಇಲಿಯಡ್‌ನ ಹಳೇ ಟಿಪ್ಪಣಿಯೊಂದರಲ್ಲಿ. ಅದು ಹೇಳುವುದಿಷ್ಟು. ಲೆಕ್ಕವಿಲ್ಲದಷ್ಟು ಮನುಷ್ಯರು ಹೆಚ್ಚಿ ಭೂಮಿಗೆ ಭಾರವಾಗುತ್ತಾರೆ. ದೇವತೆಗಳ ರಾಜ ಜೀಯಸ್ ನೋಡಿ ಮರುಗುತ್ತಾನೆ. ಆ ಭಾರ ಇಳಿಸಲು ಟ್ರಾಯ್ ಯುದ್ಧದ ಕಿಡಿ ಹೊತ್ತಿಸುತ್ತಾನೆ.

ಭೂಭಾರ! ಭಾರತ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಆದಿಪರ್ವದಲ್ಲಿ ಭೂದೇವಿ ಬ್ರಹ್ಮನ ಬಳಿ ಹೋಗಿ ದೂರು ಕೊಡುವುದು, ದೇವತೆಗಳು ಅಂಶಾವತಾರ ಎತ್ತುವುದು, ಎಲ್ಲ ಇದೇ ಮಾತು. ಇವೆರಡರ ಹೋಲಿಕೆಯನ್ನು ವಿದ್ವಾಂಸರು ಬಹಳ ಹಿಂದಿನಿಂದ ಚರ್ಚಿಸುತ್ತಾ ಬಂದಿದ್ದಾರೆ. ಒಂದೇ ಹಳೆಯ ಮೂಲವೋ ಬೇರೆ ಬೇರೆ ಹುಟ್ಟೋ ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ. ಇಲಿಯಡ್‌ನ 5ನೇ ಸಾಲಲ್ಲೇ ಜೀಯಸ್‌ನ ಇಚ್ಛೆ ನಡೆಯುತ್ತಿತ್ತು ಅಂತ ಬರುತ್ತದೆ. ಹಳೇ ಟಿಪ್ಪಣಿಕಾರರು ಆ ಸಾಲಿಗೆ ಕೊಟ್ಟ ವಿವರಣೆಗಳಲ್ಲಿ ಇದೂ ಒಂದು.

ಹೆಲೆನ್ ವಿಷಯದಲ್ಲೂ ಇಂಥದ್ದೇ ಇದೆ. ಹೆಲೆನ್ ಟ್ರಾಯ್‌ಗೆ ಹೋಗಲೇ ಇಲ್ಲ, ಹೋದದ್ದು ಅವಳ ಛಾಯೆ ಅಂತ ಸ್ಟೆಸಿಕೊರಸ್ ಎಂಬ ಕವಿ ಹೇಳಿದ. ಯೂರಿಪಿಡೀಸ್ ಕ್ರಿ.ಪೂ. 412ರಲ್ಲಿ ಅದನ್ನೇ ನಾಟಕ ಮಾಡಿದ. ಮಾಯಾಸೀತೆಯ ಕಥೆ ಗೊತ್ತಿರುವವರಿಗೆ ಇದು ತಟ್ಟನೆ ಹೊಳೆಯುತ್ತದೆ. ಇತಿಹಾಸಕಾರ ಹೆರೊಡೊಟಸ್ ಛಾಯೆ ಗೀಯೆ ಅನ್ನದೆ ಲೆಕ್ಕ ಹಾಕುತ್ತಾನೆ. ಈಜಿಪ್ಟಿನ ಪೂಜಾರಿಗಳು ಹೇಳಿದರಂತೆ, ಅವಳು ನಮ್ಮಲ್ಲೇ ಇದ್ದಳು ಅಂತ. ಅವನಿಗೂ ಅದೇ ಸರಿ ಅನ್ನಿಸಿತು. ಹೆಲೆನ್ ಊರೊಳಗೆ ಇದ್ದಿದ್ದರೆ ಇಷ್ಟು ಮಕ್ಕಳು ಸಾಯುತ್ತಿರುವಾಗ ಟ್ರಾಯ್‌ನ ರಾಜ ಪ್ರಿಯಾಮ್ ಅವಳನ್ನು ವಾಪಸ್ ಕೊಡದೇ ಇರುತ್ತಿದ್ದನಾ ಅಂತ ಕೇಳುತ್ತಾನೆ.

ಗಣಿತಮೇಷ್ಟ್ರು

ಮೊದಲ ಪ್ರಶ್ನೆ ಯಾರೂ ಕೇಳಿಲ್ಲವಲ್ಲ. ಈ ಯುದ್ಧ ನಡೆದಿತ್ತಾ? ಸುಮ್ನೆ ಕಟ್ಟುಕಥೆನಾ?

ಶಿಲಾಲೇಖ

ಇದು ನನ್ನ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಊರು ನಿಜ. ಟರ್ಕಿಯ ಚನಕ್ಕಲೆ ಪ್ರಾಂತ್ಯದಲ್ಲಿ ಹಿಸಾರ್ಲಿಕ್ ಎಂಬ ದಿಬ್ಬ ಇದೆ. ಅದೇ ಟ್ರಾಯ್ ಅಂತ ಮೊದಲು ಗಟ್ಟಿಯಾಗಿ ನಂಬಿ ಅಗೆದವನು ಫ್ರಾಂಕ್ ಕಾಲ್ವರ್ಟ್, ದಿಬ್ಬದ ಒಂದು ಭಾಗ ಅವನ ಕುಟುಂಬದ್ದು. ಹೆಸರು ಹೋದದ್ದು ಮಾತ್ರ ಹೈನ್ರಿಚ್ ಶ್ಲೀಮನ್‌ಗೆ. 1870ರಲ್ಲಿ ಶುರು ಮಾಡಿ ದಿಬ್ಬದ ನಡುವೆ ದೊಡ್ಡ ಕಂದಕ ತೋಡಿದ. 1873ರಲ್ಲಿ ಚಿನ್ನದ ನಿಧಿ ಸಿಕ್ಕಿತು, ಪ್ರಿಯಾಮನ ನಿಧಿ ಅಂತ ಸಾರಿದ. ಆ ನಿಧಿ ಇದ್ದ ಪದರ ಟ್ರಾಯ್ ಯುದ್ಧದ ಕಾಲಕ್ಕಿಂತ ಸಾವಿರಕ್ಕೂ ಜಾಸ್ತಿ ವರ್ಷ ಹಳೆಯದು. ಹೋಮರನ ಊರು ತಳದಲ್ಲೇ ಇರಬೇಕು ಅಂತ ಭಾವಿಸಿ ಮೇಲಿನ ಪದರಗಳನ್ನು ಕಿತ್ತು ಎಸೆದ. ಅವನು ಹುಡುಕುತ್ತಿದ್ದ ಕಾಲದ ಗೋಡೆಗಳೂ ಆ ಮಣ್ಣಿನ ಜೊತೆ ಹೋದವು. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಿಧಿ ಬರ್ಲಿನ್‌ಗೆ ಹೋಯಿತು, 1945ರಲ್ಲಿ ಸೋವಿಯತ್ ಸೇನೆ ಹೊತ್ತೊಯ್ದಿತು, ಈಗ ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿದೆ.

ಒಟ್ಟು ಒಂಬತ್ತು ಮುಖ್ಯ ಪದರ. ಆರನೆಯದಕ್ಕೆ ಒಳಮುಖವಾಗಿ ವಾಲಿದ ಭಾರೀ ಕಲ್ಲಿನ ಗೋಡೆ, ಅದು ಹಾಳಾದದ್ದು ಸುಮಾರು ಕ್ರಿ.ಪೂ. 1300ರ ಹೊತ್ತಿಗೆ, ಬಹುಶಃ ಭೂಕಂಪದಿಂದ. ಅದರ ಮೇಲಿನ ಪದರ, ಏಳು-ಎ, ಸುಮಾರು ಕ್ರಿ.ಪೂ. 1180ರಲ್ಲಿ ಬೆಂಕಿಗೆ ಬಿತ್ತು. ಅಲ್ಲಿ ಇಕ್ಕಟ್ಟಾದ ಮನೆಗಳು, ನೆಲದಲ್ಲಿ ಹೂತ ದೊಡ್ಡ ಧಾನ್ಯದ ಹರವಿಗಳು, ಬಾಣದ ಮೊನೆ, ಮನುಷ್ಯರ ಮೂಳೆ ಸಿಕ್ಕಿವೆ. ಅಲೆಕ್ಸಾಂಡ್ರಿಯಾದ ಎರಟೊಸ್ತನೀಸ್ ಹಿಂದೆಯೇ ಲೆಕ್ಕ ಹಾಕಿ ಟ್ರಾಯ್ ಬಿದ್ದ ವರ್ಷ ನಮ್ಮ ಎಣಿಕೆಯಲ್ಲಿ ಕ್ರಿ.ಪೂ. 1184 ಅಂತ ಹೇಳಿದ್ದ.

ಆಗ ಈಗಿನ ಟರ್ಕಿಯ ಒಳನಾಡನ್ನು ಆಳುತ್ತಿದ್ದ ಹಿಟ್ಟೈಟ್ ರಾಜರ ಮಣ್ಣಿನ ಫಲಕಗಳು ಇನ್ನೂ ಸ್ವಾರಸ್ಯ. ಅದರಲ್ಲಿ ವಿಲುಸ ಎಂಬ ಊರು ಇದೆ, ಇಲಿಯಾಸ್ ಅಂದರೆ ಟ್ರಾಯ್ ಅದೇ ಅನ್ನುವುದು ಈಗ ಹೆಚ್ಚಿನವರ ಅಭಿಪ್ರಾಯ. ಸುಮಾರು ಕ್ರಿ.ಪೂ. 1280ರಲ್ಲಿ ಹಿಟ್ಟೈಟ್ ದೊರೆ ಎರಡನೇ ಮುವತಲ್ಲಿ ವಿಲುಸದ ಅಲಕ್ಸಂದು ಎಂಬ ರಾಜನ ಜೊತೆ ಒಪ್ಪಂದ ಮಾಡಿಕೊಂಡ. ಪ್ಯಾರಿಸ್‌ಗೆ ಇಲಿಯಡ್‌ನಲ್ಲಿ ಇರುವ ಇನ್ನೊಂದು ಹೆಸರು ಅಲೆಕ್ಸಾಂಡ್ರೋಸ್! ಅವನೇ ಇವನು ಅಂತ ಹೇಳಲು ಬರುವುದಿಲ್ಲ, ಆದರೆ ಗ್ರೀಕ್ ಹೆಸರಿನ ದೊರೆ ಆ ಊರಲ್ಲಿ ಇದ್ದ ಅನ್ನುವುದೇ ದೊಡ್ಡ ವಿಷಯ. ಅಹ್ಹಿಯವಾ ಎಂಬ ಸಮುದ್ರದಾಚೆಯ ರಾಜ್ಯವೂ ಆ ಫಲಕಗಳಲ್ಲಿ ಬರುತ್ತದೆ, ಹೋಮರ್ ಗ್ರೀಕರನ್ನು ಕರೆಯುವುದು ಅಕಿಯನ್ನರು ಅಂತ.

ಹಾಗಾಗಿ ಮೇಷ್ಟ್ರೇ, ಕೋಟೆ ಇತ್ತು, ಸುಟ್ಟಿತ್ತು, ಗ್ರೀಕರು ಆ ಕರಾವಳಿಯಲ್ಲಿ ಜಗಳ ಆಡುತ್ತಿದ್ದರು. ಅಕಿಲೀಸ್, ಹೆಕ್ಟರ್ ಹೆಸರಿನ ಕುರುಹು ಆ ಮಣ್ಣಿನಲ್ಲಿ ಇಲ್ಲ. ನನ್ನ ಮಟ್ಟಿಗೆ ಒಂದೇ ಯುದ್ಧ ಅಲ್ಲ, ಹಲವು ದಾಳಿಗಳ ನೆನಪು ಒಂದಾಗಿ ಸೇರಿ ಕಥೆ ಆಗಿದೆ.

ಗಣಿತಮೇಷ್ಟ್ರು

ಯುದ್ಧ ಕ್ರಿ.ಪೂ. 1180, ಕಾವ್ಯ ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ. ನಡುವೆ 400 ವರ್ಷ. ಗ್ರೀಕರು ಆ ನಡುವೆ ಬರವಣಿಗೆಯನ್ನೇ ಮರೆತಿದ್ದರು ಅಂತ ಓದಿದ್ದೇನೆ. ನೆನಪು ಉಳಿದದ್ದು ಹೇಗೆ?

ಶಿಲಾಲೇಖ

ಹೌದು, ಕಂಚಿನ ಯುಗದ ಗ್ರೀಕರು ಬಳಸುತ್ತಿದ್ದ ಲೀನಿಯರ್ ಬಿ ಲಿಪಿ ಅವರ ಅರಮನೆಗಳ ಜೊತೆ ಸತ್ತಿತು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಓದಿ ತೋರಿಸುವವರೆಗೆ ಅದು ಗ್ರೀಕ್ ಭಾಷೆ ಅಂತಲೇ ತಿಳಿದಿರಲಿಲ್ಲ. ಓದಿದರೆ ಹೆಚ್ಚಾಗಿ ಕುರಿ, ಎಣ್ಣೆ, ಕೂಲಿಯ ಲೆಕ್ಕ. ಕಾವ್ಯ ಒಂದು ಸಾಲೂ ಇಲ್ಲ. ಆದರೆ ಬಾಯಲ್ಲಿ ಕೆಲವು ವಸ್ತುಗಳು ಉಳಿದವು. 10ನೇ ಅಧ್ಯಾಯದಲ್ಲಿ ಒಡಿಸ್ಯೂಸ್ ಹಾಕುವ ಕಾಡುಹಂದಿ ಕೋರೆಹಲ್ಲಿನ ಶಿರಸ್ತ್ರಾಣ ನೋಡಿ. ಹೋಮರನ ಕಾಲಕ್ಕೆ ಅಂಥದ್ದು ಬಳಕೆಯಲ್ಲಿ ಇರಲಿಲ್ಲ. ಕಂಚಿನ ಯುಗದ ಗೋರಿಗಳಲ್ಲಿ ಅಂಥವು ಸಿಕ್ಕಿವೆ. ಮರೆತದ್ದೂ ಇದೆ. ರಥ ಇದೆ, ಆದರೆ ಅದು ಹೆಚ್ಚಾಗಿ ವೀರರನ್ನು ರಣರಂಗಕ್ಕೆ ಬಿಟ್ಟುಬರಲು ಮಾತ್ರ ಅನ್ನುವ ಹಾಗೆ ಬರುತ್ತದೆ.

ಉಜಿರೆಕಡೆಯವ

ಮಾರಾಯ್ರೇ, ಬಾಯಲ್ಲಿ ಉಳಿಯುವ ವಿಷಯ ಬಂತಲ್ಲ, ಇನ್ನು ನಾನು ಸುಮ್ಮನೆ ಕೂರಲಾರೆ.

ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ ಹೋಮರನಲ್ಲಿ ಮತ್ತೆ ಮತ್ತೆ ಬರುವ ಮಾತುಗಳನ್ನು ಗಮನಿಸಿದ. ಚುರುಕು ಹೆಜ್ಜೆಯ ಅಕಿಲೀಸ್, ಗುಲಾಬಿ ಬೆರಳಿನ ಉಷೆ, ಹೀಗೆ. ಇವು ಬೇಸರ ತರಿಸುವ ಪುನರುಕ್ತಿ ಅಲ್ಲ, ಬರಹ ಇಲ್ಲದೆ ಹಾಡುತ್ತಲೇ ಸಾಲು ಕಟ್ಟುವವನಿಗೆ ಛಂದಸ್ಸಿಗೆ ಹೊಂದುವ ಸಿದ್ಧ ತುಣುಕುಗಳು ಅಂದ. ಬದುಕಿರುವ ಹಾಡುಗಾರರಲ್ಲೇ ನೋಡೋಣ ಅಂತ 1933ರಿಂದ 35ರವರೆಗೆ ಯುಗೊಸ್ಲಾವಿಯಾಕ್ಕೆ ಹೋದ. ಜೊತೆಗೆ ಶಿಷ್ಯ ಆಲ್ಬರ್ಟ್ ಲಾರ್ಡ್. ಅವ್ದೊ ಮೆಜೆದೊವಿಚ್ ಎಂಬ ಓದು ಬರಹ ಬಾರದ ಹಾಡುಗಾರ ಒಂದೇ ಕಥೆಯನ್ನು 12,000ಕ್ಕೂ ಹೆಚ್ಚು ಸಾಲು ಹೇಳಿದ. ಇಲಿಯಡ್‌ನಷ್ಟು ಉದ್ದದ್ದನ್ನು ಬಾಯಲ್ಲಿ ಕಟ್ಟಲು ಆಗುವುದಿಲ್ಲ ಅನ್ನುತ್ತಿದ್ದವರಿಗೆ ಅದು ದೊಡ್ಡ ಉತ್ತರ.

ಇನ್ನು ನಮ್ಮ ಊರಿಗೆ ಬನ್ನಿ. 1990ರಲ್ಲಿ ಫಿನ್ಲೆಂಡ್‌ನ ಲೌರಿ ಹೊಂಕೊ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಪಾಡ್ದನ ಧ್ವನಿಮುದ್ರಣ ಮಾಡಿಸಿದರು. ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಅವರೂ ಆ ತಂಡದಲ್ಲಿದ್ದರು. 1998ರಲ್ಲಿ ಅಚ್ಚಾಯಿತು. ಎಷ್ಟು ಸಾಲು ಗೊತ್ತುಂಟಾ? 15,683. ಇಲಿಯಡ್‌ಗಿಂತ ಹತ್ತೇ ಸಾಲು ಕಡಿಮೆ! ಅದು ಕಾಕತಾಳೀಯ, ಆದರೆ ನಮ್ಮ ಕಾಲದಲ್ಲೇ, ನಮ್ಮ ನೆಲದಲ್ಲೇ ಒಬ್ಬ ಮನುಷ್ಯ ಅಷ್ಟುದ್ದ ಕಾವ್ಯವನ್ನು ಬಾಯಲ್ಲಿ ಕಟ್ಟಿದರು ಅನ್ನುವುದು ಕಾಕತಾಳೀಯ ಅಲ್ಲ. ಹೋಮರನ ಪ್ರಶ್ನೆ ಕೇಳುವ ಲೋಕದ ವಿದ್ವಾಂಸರು ಈಗ ಸಿರಿಯನ್ನೂ ಓದುತ್ತಾರೆ. ಅಲ್ಲಿ ಯುದ್ಧ ಕೇಂದ್ರ ಅಲ್ಲ, ಗಂಡನನ್ನು ತಾನೇ ಬಿಟ್ಟು ಹೊರಡುವ ಹೆಣ್ಣು ಕೇಂದ್ರ. ನೇಗಿಲಯೋಗಿಯವರೇ, ಇದು ನಿಮಗೆ ಹಿಡಿಸುತ್ತದೆ, ಖಂಡಿತ ಓದಿ.

ಮತ್ತೊಂದು. ಇಂಥ ಪರಂಪರೆಯಲ್ಲಿ ಕಥೆ ಎಲ್ಲರ ಸೊತ್ತು. ಪ್ರತಿ ಹಾಡುಗಾರ ಬೇಕಾದಷ್ಟು ಎತ್ತಿಕೊಳ್ಳುತ್ತಾನೆ. ಹಾಗಾಗಿ ಹಳೇಪುಸ್ತಕದವರು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಉಂಟು.

ಹಳೇಪುಸ್ತಕ

ಗೋಪಾಲ ನಾಯ್ಕರ ವಿಷಯ ಕೇಳಿ ಮೈ ಜುಮ್ ಅಂತು. ಮೈಸೂರು ಕಡೆಯವನಾಗಿ ನನಗೆ ಮಾದೇಶ್ವರನ ಕಂಸಾಳೆ ಹಾಡು ಗೊತ್ತು, ಸಿರಿ ಗೊತ್ತಿರಲಿಲ್ಲ.

ಕನ್ನಡಕ್ಕೆ ಟ್ರಾಯ್ ಕಥೆ ಬಂದದ್ದು ಯಾವಾಗ? ಯಾರಾದರೂ ಹೇಳಿ.

ಬಯಲುಸೀಮೆ_ಓದುಗ

ಒಂದು ದೊಡ್ಡ ಉದಾಹರಣೆ ಬಿ.ಎಂ.ಶ್ರೀ ಅವರ ಅಶ್ವತ್ಥಾಮನ್, 1929. ಅದು ಸಾಫೊಕ್ಲಿಸ್‌ನ ಏಜಾಕ್ಸ್ ನಾಟಕದ ರೂಪಾಂತರ. ಏಜಾಕ್ಸ್ ಅಪ್ಪಟ ಟ್ರಾಯ್ ಯುದ್ಧದವನು. ಅಕಿಲೀಸ್ ಸತ್ತಾಗ ಹೆಣ ಹೊತ್ತು ತಂದವನು. ಆದರೂ ಅಕಿಲೀಸನ ಆಯುಧ ಒಡಿಸ್ಯೂಸ್‌ಗೆ ಹೋಯಿತು. ಅವಮಾನದಲ್ಲಿ ಬುದ್ಧಿ ಕೆಟ್ಟು, ಶತ್ರುಗಳೆಂದು ಭ್ರಮಿಸಿ ದನಕುರಿ ಕೊಂದು, ಎಚ್ಚರವಾದ ಮೇಲೆ ಕತ್ತಿಯ ಮೇಲೆ ಬಿದ್ದು ಸತ್ತ. ಇದು ಮೊದಲು ಇದ್ದದ್ದು ಆ ಕಳೆದುಹೋದ ಕಾವ್ಯಗಳಲ್ಲೇ. ಬಿ.ಎಂ.ಶ್ರೀ ಆ ಸ್ಥಾನದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿದರು, ತಮ್ಮನ ಸ್ಥಾನದಲ್ಲಿ ಏಕಲವ್ಯ. ಚಿರಂಜೀವಿಯನ್ನು ಸಾಯಿಸಬಹುದಾ ಅನ್ನುವ ತಕರಾರು ಎದ್ದಿತು. ನನಗೆ ಆ ಧೈರ್ಯವೇ ಹಿಡಿಸುತ್ತದೆ. ಗ್ರೀಕ್ ದುರಂತ ನಾಟಕ ಅಂದರೆ ಏನು ಅಂತ ಕನ್ನಡದವರಿಗೆ ನಮ್ಮದೇ ಪಾತ್ರದ ಮೂಲಕ ತೋರಿಸಬೇಕಾದರೆ ಅಷ್ಟು ದೂರ ಹೋಗಲೇಬೇಕಿತ್ತು.

ಒಡಿಸ್ಸಿಯ 11ರಲ್ಲಿ ಒಡಿಸ್ಯೂಸ್ ಸತ್ತವರ ಲೋಕದಲ್ಲಿ ಏಜಾಕ್ಸ್‌ನನ್ನು ಕಂಡು ಸಮಾಧಾನದ ಮಾತಾಡುತ್ತಾನೆ. ಅವನು ಒಂದು ಮಾತೂ ಆಡದೆ ತಿರುಗಿ ಹೋಗುತ್ತಾನೆ.

ನೇಗಿಲಯೋಗಿ77

ಸಿರಿ ಓದುತ್ತೇನೆ. ಇಲಿಯಡ್ ಇನ್ನೊಮ್ಮೆ ಹಿಡಿಯಬೇಕೆಂದರೆ ಎಲ್ಲಿಂದ ಹಿಡಿಯಲಿ? ಮೊದಲಿನಿಂದ ಅಂತ ಹೇಳಬೇಡಿ. 2ನೇ ಅಧ್ಯಾಯದ ಹಡಗಿನ ಪಟ್ಟಿ ಮತ್ತೆ ಓದುವ ತಾಳ್ಮೆ ಇಲ್ಲ, ಸಾವಿರಕ್ಕೂ ಜಾಸ್ತಿ ಹಡಗು.

ಕಡಲಕಾಗೆ

1,186 ಹಡಗು, 29 ತಂಡ. ಕೇಳುಗರಿಗೆ ಅದು ತಮ್ಮ ಊರಿನ ಹೆಸರು ಬರುವ ಜಾಗ, ನಮಗೆ ಅಲ್ಲ. ಬಿಟ್ಟುಬಿಡಿ.

ಮೊದಲು 6. ಹೆಕ್ಟರ್ ಹೆಂಡತಿ ಆಂಡ್ರೊಮಕಿಯನ್ನು ಕೋಟೆಬಾಗಿಲ ಬಳಿ ಕಾಣುವುದು, ಕೂಸು ಅಪ್ಪನ ಶಿರಸ್ತ್ರಾಣದ ಕುಚ್ಚು ನೋಡಿ ಹೆದರುವುದು, ಇಬ್ಬರೂ ನಗುವುದು. ಆಮೇಲೆ 9, ಅಕಿಲೀಸನ ಆ ದೊಡ್ಡ ಮಾತುಗಳು. ಆಮೇಲೆ 16ರಿಂದ ನಿಲ್ಲಿಸದೆ ಕೊನೆಯವರೆಗೆ.

22ರಲ್ಲಿ ಎರಡು ಕಡೆ ನಿಧಾನ ಮಾಡಿ. ಹೆಕ್ಟರ್ ಪ್ರಾಣ ಉಳಿಸಿಕೊಳ್ಳಲು ಕೋಟೆ ಸುತ್ತ ಓಡುವಾಗ ಎರಡು ಬುಗ್ಗೆಗಳ ಪಕ್ಕ ಹಾದುಹೋಗುತ್ತಾನೆ. ಗ್ರೀಕರು ಬರುವ ಮೊದಲು, ಶಾಂತಿಯ ದಿನಗಳಲ್ಲಿ, ಟ್ರಾಯ್‌ನ ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಿದ್ದರು ಅಂತ ಕವಿ ಆ ಓಟದ ನಡುವೆಯೇ ಹೇಳುತ್ತಾನೆ. ಎರಡನೆಯದು, ಹೆಕ್ಟರ್ ಸತ್ತಾಗಿದೆ, ಆಂಡ್ರೊಮಕಿಗೆ ಗೊತ್ತಿಲ್ಲ, ಗಂಡನ ಸ್ನಾನಕ್ಕೆ ನೀರು ಕಾಯಿಸಲು ಹೇಳುತ್ತಿದ್ದಾಳೆ.

24ರ ಬಗ್ಗೆ ಒಂದು ಮಾತು ಹೇಳಲೇಬೇಕು. ಮುದುಕ ಪ್ರಿಯಾಮ್ ರಾತ್ರಿ ಗಾಡಿ ಕಟ್ಟಿಸಿಕೊಂಡು ಶತ್ರು ಬಿಡಾರಕ್ಕೆ ಬಂದು ಮಗನನ್ನು ಕೊಂದ ಕೈಗೆ ಮುತ್ತಿಡುವುದು ಎಲ್ಲರಿಗೂ ಗೊತ್ತು. ಅದರ ಮುಂದಿನದನ್ನು ಜನ ಬೇಗ ದಾಟಿಬಿಡುತ್ತಾರೆ. ಅಕಿಲೀಸ್ ಹೆಣವನ್ನು ಪ್ರಿಯಾಮನ ಕಣ್ಣಿಗೆ ಬೀಳದ ಹಾಗೆ ತೊಳೆಸುತ್ತಾನೆ. ಮುದುಕ ನೋಡಿ ಸಿಟ್ಟಾದರೆ ತನಗೂ ಸಿಟ್ಟು ಬಂದು ಅವನನ್ನು ಕೊಂದುಬಿಡಬಹುದು ಅನ್ನುವ ಭಯ. ಅಂದರೆ ಅವನು ಸಂತನಾಗಲಿಲ್ಲ. ತನ್ನ ಸಿಟ್ಟನ್ನು ತಾನೇ ಅರಿತು ಅದು ಏಳದ ಹಾಗೆ ನೋಡಿಕೊಂಡ. ನಂತರ ಇಬ್ಬರೂ ಊಟ ಮಾಡುತ್ತಾರೆ. ಸಂಸ್ಕಾರಕ್ಕೆ ಎಷ್ಟು ದಿನ ಬೇಕು ಅಂತ ಅಕಿಲೀಸ್ ಕೇಳುತ್ತಾನೆ. ಹನ್ನೊಂದು ದಿನ, ಹನ್ನೆರಡನೆಯ ದಿನ ಯುದ್ಧ ಮಾಡಲೇಬೇಕಾದರೆ ಮಾಡೋಣ ಅನ್ನುತ್ತಾನೆ ಪ್ರಿಯಾಮ್. ಆ ಹನ್ನೊಂದು ದಿನವನ್ನು ಕೊಡಿಸಿದ ಮೇಲೆ ಈ ಕವಿಗೆ ಕೋಟೆ ಬೀಳಿಸುವ ಅಗತ್ಯವೇ ಇರಲಿಲ್ಲ ಅಂತ ನಾನು ನಂಬುತ್ತೇನೆ.

ಹಳೇಪುಸ್ತಕ

ಒಪ್ಪಿದೆ. ಆದರೂ ಮುಂದಿನ ಕಥೆಯನ್ನು ಒಂದೇ ಕಡೆ ಓದುವ ಆಸೆ ಇದೆ. ಉಳಿದಿರುವುದರಲ್ಲಿ ಅಂಥದ್ದು ಇದೆಯಾ?

ನೀಲಿಶಾಯಿ

ಇದೆ. ಸ್ಮಿರ್ನಾದ ಕ್ವಿಂಟಸ್ ಎಂಬವನು ಗ್ರೀಕ್‌ನಲ್ಲೇ ಬರೆದ 14 ಪುಸ್ತಕದ ಕಾವ್ಯ, ಹೋಮರನಿಗಿಂತ ಸಾವಿರ ವರ್ಷ ಈಚಿನದು. ಹೆಕ್ಟರನ ಸಂಸ್ಕಾರ ಮುಗಿದ ಕಡೆಯಿಂದ ಶುರು. 1ರಲ್ಲಿ ಪೆಂಥೆಸಿಲಿಯಾ, 2ರಲ್ಲಿ ಮೆಮ್ನಾನ್, 3ರಲ್ಲಿ ಅಕಿಲೀಸನ ಸಾವು, 5ರಲ್ಲಿ ಏಜಾಕ್ಸ್, 12 ಮತ್ತು 13ರಲ್ಲಿ ನೀವು ಹುಡುಕುತ್ತಿದ್ದದ್ದು. ಹೋಮರನ ಎತ್ತರ ನಿರೀಕ್ಷಿಸಬೇಡಿ, ಹೋಲಿಕೆಗಳು ಅತಿಯಾಯಿತು ಅನ್ನಿಸುತ್ತದೆ. 5ನೇ ಪುಸ್ತಕ ಮಾತ್ರ ಚೆನ್ನಾಗಿದೆ, ಅದನ್ನು ಬಿ.ಎಂ.ಶ್ರೀ ನಾಟಕದ ಪಕ್ಕ ಇಟ್ಟುಕೊಂಡು ಓದಿ.